ಎರಡೇಟು ಹೊಡೆಯುವ ಪ್ರೆಸ್: ಭೋಸರಿಯ ಒಂದು ಕಾರ್ಖಾನೆಯ ಸುರಕ್ಷತಾ ಪ್ರಕರಣ

ಹಿನ್ನೆಲೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಈ ಕಾರ್ಖಾನೆ ವಾಹನ ಕಂಪನಿಗಳಿಗೆ ಬ್ರಾಕೆಟ್, ಕ್ಲಾಂಪ್, ವಾಷರ್‌ಗಳನ್ನು ಒತ್ತಿಕೊಡುತ್ತದೆ. ಯಾರ ಗುರುತೂ ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇವೆ, ಕೆಲವು ಅಂಕಿಗಳನ್ನು ದುಂಡಾಗಿಸಿದ್ದೇವೆ. ಕೆಲಸಗಾರರು 84 ಮಂದಿ, ಅವರಲ್ಲಿ 52 ಮಂದಿ ಗುತ್ತಿಗೆದಾರನ ಕಡೆಯವರು. ಪ್ರೆಸ್ ನಡೆಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಳಂದ, ಅಫಜಲಪುರ, ಇಂಡಿ, ಬಸವಕಲ್ಯಾಣದ ಕಡೆಯಿಂದ ಸೋಲಾಪುರದ ಮೇಲೆ ರೈಲು ಹಿಡಿದು ಬಂದವರು. ಮನೆಮಾತು ಕನ್ನಡ. ಶಾಪಿನ ಗೋಡೆಯ ಮೇಲಿನ ಸೂಚನೆಗಳೆಲ್ಲ ಮರಾಠಿ ಮತ್ತು ಹಿಂದಿಯಲ್ಲಿದ್ದವು.

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಸುರಕ್ಷತಾ ಅಧಿಕಾರಿಯನ್ನು ನೇಮಿಸುವ ಕಡ್ಡಾಯ ಬರುತ್ತಿದ್ದದ್ದು 1,000 ಅಥವಾ ಹೆಚ್ಚು ಕೆಲಸಗಾರರು ಇರುವಲ್ಲಿ. ಇಲ್ಲಿ ಆ ಹೊಣೆ ಮೆಂಟೆನೆನ್ಸ್ ಸೂಪರ್‌ವೈಸರ್ ತಲೆಯ ಮೇಲಿತ್ತು, ಉಳಿದ ಹತ್ತು ಕೆಲಸಗಳ ಜೊತೆಗೆ.

ಪವರ್ ಪ್ರೆಸ್‌ಗಳು 22. ಇವು ತಗಡನ್ನು ಒತ್ತಿ ಕತ್ತರಿಸುವ, ಮಡಿಸುವ ಯಂತ್ರಗಳು, ಒತ್ತುವ ಬಲ 10 ಟನ್ನಿನಿಂದ 100 ಟನ್ನಿನವರೆಗೆ. ಇವುಗಳಲ್ಲಿ 19 ಪಿನ್ ಕ್ಲಚ್ಚಿನವು, 3 ಏರ್ ಕ್ಲಚ್ಚಿನವು. ಈ ಭೇದ ಗೊತ್ತಿಲ್ಲದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಪಿನ್ ಕ್ಲಚ್ಚಿನ ಪ್ರೆಸ್ಸಿನಲ್ಲಿ ಪೆಡಲ್ ಒತ್ತಿದ ಕೂಡಲೇ ತಿರುಗುತ್ತಿರುವ ಭಾರದ ಚಕ್ರಕ್ಕೂ (ಫ್ಲೈವೀಲ್), ಮೇಲಿಂದ ಇಳಿದು ಒತ್ತುವ ರ‍್ಯಾಮನ್ನು ಏರಿಳಿಸುವ ಕ್ರ್ಯಾಂಕ್ ಶಾಫ್ಟಿಗೂ ಉಕ್ಕಿನ ಕೀಲಿಯೊಂದು ಗಂಟು ಹಾಕುತ್ತದೆ. ಬಿದ್ದ ಗಂಟು ಒಂದು ಸುತ್ತು ಮುಗಿಯುವವರೆಗೆ ಬಿಡುವುದಿಲ್ಲ. ರ‍್ಯಾಮ್ ಕೆಳಗಿಳಿಯಲು ಶುರುವಾದರೆ ಮುಗಿಯಿತು, ಅದನ್ನು ನಡುವೆ ನಿಲ್ಲಿಸುವ ಬಟನ್ ಜಗತ್ತಿನಲ್ಲಿಲ್ಲ. ಗಾಳಿಯ ಒತ್ತಡದಿಂದ ಹಿಡಿದು ಬಿಡುವ ಏರ್ ಕ್ಲಚ್ಚಿನ ಪ್ರೆಸ್ಸನ್ನು ಮಾತ್ರ ಹೊಡೆತದ ನಡುವೆಯೂ ಬ್ರೇಕ್ ಹಾಕಿ ನಿಲ್ಲಿಸಬಹುದು.

ಅಪಘಾತ

ಎರಡನೇ ಪಾಳಿ. 50 ಟನ್ನಿನ ಪಿನ್ ಕ್ಲಚ್ ಪ್ರೆಸ್. 3 ಮಿ.ಮೀ. ತಗಡಿನ ಬ್ರಾಕೆಟ್ಟಿಗೆ ಮಡಿಕೆ ಹಾಕುವ ಎರಡನೇ ಆಪರೇಷನ್ ನಡೆದಿತ್ತು. ತುಂಡನ್ನು ಕೈಯಿಂದ ಡೈಯೊಳಗೆ, ಅಂದರೆ ಆಕಾರ ಕೊಡುವ ಅಚ್ಚಿನೊಳಗೆ ಇಡುವುದು, ಪೆಡಲ್ ಒತ್ತುವುದು, ಕೈಯಿಂದಲೇ ತೆಗೆಯುವುದು. ಒತ್ತಿದ ತುಂಡು ಕೆಳಗೆ ಉಳಿಯದೆ ಎಣ್ಣೆಯ ಪದರಕ್ಕೆ ಹೀರಿಕೊಂಡು ಮೇಲಿಂದ ಇಳಿಯುವ ಅಚ್ಚಿಗೇ, ಪಂಚಿಗೇ ಅಂಟಿತು. 23 ವರ್ಷದ ಆಪರೇಟರ್ ಪೆಡಲಿನಿಂದ ಕಾಲು ತೆಗೆದು, ತುಂಡನ್ನು ಕೀಳಲು ಬಲಗೈ ಒಳಗೆ ಚಾಚಿದ. ಪೆಡಲ್ ಒತ್ತದಿದ್ದರೂ ರ‍್ಯಾಮ್ ಇನ್ನೊಮ್ಮೆ ಇಳಿಯಿತು, ಶಾಪಿನ ಮಾತಿನಲ್ಲಿ ‘ಎರಡೇಟು’. ತೋರುಬೆರಳು ಮೊದಲ ಗಿಣ್ಣಿನವರೆಗೆ, ನಡುಬೆರಳಿನ ತುದಿ ಹೋದವು.

ಜೊತೆಗಿದ್ದವರು ತುಂಡಾದ ಬೆರಳನ್ನು ಬರ್ಫದ ಚೂರುಗಳ ಮೇಲೆ ನೇರವಾಗಿ ಇಟ್ಟು ಒಯ್ದರು. ಮನಸ್ಸು ಒಳ್ಳೆಯದೇ, ವಿಧಾನ ತಪ್ಪು. ಬರ್ಫ ನೇರ ತಗುಲಿದರೆ ಮಾಂಸ ಹೆಪ್ಪುಗಟ್ಟಿ ಕೆಡುತ್ತದೆ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು, ಆ ಚೀಲವನ್ನು ಬರ್ಫ ಬೆರೆಸಿದ ನೀರಿನಲ್ಲಿ ಇಡಬೇಕು. ಪ್ರೆಸ್ಸಿನಲ್ಲಿ ಜಜ್ಜಿಹೋದ ಬೆರಳು ಜೋಡಣೆಗೆ ಒದಗುವುದು ಕಡಿಮೆ ಎಂಬುದು ನಿಜ. ಆದರೂ ಆ ಒಂದು ಅವಕಾಶವನ್ನು ನಾವೇ ಕಳೆಯಬಾರದು.

ಒಳ ತನಿಖೆಯ ಕಾಗದದಲ್ಲಿ ಕಾರಣದ ಕಾಲಂ ಎದುರು ಬರೆದದ್ದು ‘ಕಾರ್ಮಿಕನ ನಿರ್ಲಕ್ಷ್ಯ’ ಎಂಬ ಎರಡೇ ಪದ. ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದ ಎರಡು ಪದಗಳಿವು. ಕಾರಣ ಸಿಕ್ಕಿತೆಂದು ಹುಡುಕಾಟ ಅಲ್ಲಿಗೇ ನಿಂತಿತು, ಅದೇ ಪ್ರೆಸ್ ಮರುದಿನ ಬೆಳಗಿನ ಪಾಳಿಗೆ ಮತ್ತೆ ಓಡಿತು.

ಮೊದಲು ಮಾಡಿದ್ದು

ನಾಲ್ಕು ಕೆಲಸಗಳಾದವು. ಎಲ್ಲರಿಗೂ ದಪ್ಪ ಕೈಗವಸು ಕೊಟ್ಟರು. ಹೊಸ ಪೋಸ್ಟರ್ ಹಚ್ಚಿದರು. ಅಪಘಾತವಿಲ್ಲದ ತಿಂಗಳಿಗೆ ಪಾಳಿಗಿಷ್ಟು ಎಂದು ಬಹುಮಾನ ಘೋಷಿಸಿದರು. ಮಾಲೀಕರು, ಮನಸ್ಸಿಗೆ ಹತ್ತಿದ್ದರಿಂದಲೇ, ಕೈ ಬಿಚ್ಚಿ ಖರ್ಚು ಮಾಡಿ ಎರಡು ಪ್ರೆಸ್‌ಗಳಿಗೆ ಲೈಟ್ ಕರ್ಟನ್, ಅಂದರೆ ಕೈ ಅಡ್ಡ ಬಂದರೆ ಗುರುತಿಸುವ ಬೆಳಕಿನ ತೆರೆ, ಹಾಕಿಸಿದರು.

ಕೈಗವಸು ತಗಡಿನ ಚೂಪಿನಿಂದ ಕಾಯುತ್ತದೆ, 50 ಟನ್ನಿನಿಂದಲ್ಲ. ದಪ್ಪ ಗವಸಿನ ತುದಿ ಡೈಯ ಅಂಚಿಗೆ ಸಿಕ್ಕಿಬೀಳುವ ಭಯವೂ ಇತ್ತು, ಕೈಗೆ ಬಿಗಿಯಾಗಿ ಕೂರುವ ಗವಸೇ ಇಲ್ಲಿಗೆ ಸರಿ. ಬಹುಮಾನ ಇನ್ನೂ ಕೆಟ್ಟದ್ದನ್ನು ಮಾಡಿತು. ಸಣ್ಣ ಗಾಯವಾದವನು ಹೇಳಿಕೊಂಡರೆ ಪಾಳಿಯವರೆಲ್ಲರ ರೊಕ್ಕ ಹೋಗುತ್ತಿತ್ತು, ಹಾಗಾಗಿ ಯಾರೂ ಹೇಳಲಿಲ್ಲ. ಗಾಯದ ಪುಸ್ತಕ ಖಾಲಿಯಾಗಿ ಉಳಿಯಿತು. ಆ ಖಾಲಿ ಪುಟಗಳನ್ನೇ ಸುಧಾರಣೆ ಎಂದು ಓದಿದರು.

ಲೈಟ್ ಕರ್ಟನ್ನಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪಿಂಪ್ರಿ-ಚಿಂಚ್‌ವಡ, ಚಾಕಣದ ಸಣ್ಣ ಶಾಪುಗಳಲ್ಲಿ ಈ ತಪ್ಪಿಗೆ ಯಾರು ಬೇಕಾದರೂ ಬೀಳಬಹುದು. ಹಾಕಿದ ಎರಡೂ ಪ್ರೆಸ್ ಪಿನ್ ಕ್ಲಚ್ಚಿನವು. ಬೆಳಕಿನ ತೆರೆಗೆ ಕೈ ಅಡ್ಡ ಬಂದರೆ ಮೋಟಾರಿನ ಕರೆಂಟು ಕಡಿಯುವಂತೆ ವೈರಿಂಗ್ ಮಾಡಿದ್ದರು. ನೋಡಲು ಚೆನ್ನಾಗಿತ್ತು, ಕೈ ಒಡ್ಡಿದರೆ ಕೆಂಪು ದೀಪ ಬರುತ್ತಿತ್ತು. ಪರೀಕ್ಷೆಗೆಂದು ಒಂದು ಗುರುವಾರ, ಅಂದರೆ ಅಲ್ಲಿನ ವಾರದ ರಜೆಯ ದಿನ, ಪ್ರೆಸ್ ಚಾಲೂ ಮಾಡಿ, ಪೆಡಲ್ ಒತ್ತಿ, ರ‍್ಯಾಮ್ ಇಳಿಯತೊಡಗಿದ ಕ್ಷಣಕ್ಕೆ ಉದ್ದನೆಯ ಮರದ ಕೋಲನ್ನು ತೆರೆಯೊಳಗೆ ತೂರಿಸಿದರು. ಕೆಂಪು ದೀಪ ಹತ್ತಿತು. ಮೋಟಾರು ಬಂದಾಯಿತು. ರ‍್ಯಾಮ್ ಇಳಿದು ಕೋಲನ್ನು ಎರಡು ತುಂಡು ಮಾಡಿ, ಮೇಲೇರಿ ನಿಂತಿತು. ಹೊಡೆತಕ್ಕೆ ಬೇಕಾದ ಶಕ್ತಿ ಫ್ಲೈವೀಲಿನಲ್ಲಿದೆ, ಮೋಟಾರಿನಲ್ಲಿ ಅಲ್ಲ.

ಮಾಲೀಕರು ಆ ಕೋಲಿನ ತುಂಡುಗಳನ್ನು ತಮ್ಮ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ. ನಿಜವಾದ ಕೆಲಸ ಶುರುವಾದದ್ದು ಆ ಗುರುವಾರದಿಂದ.

ದೂರದ ಲೆಕ್ಕ

ಮುಂದಿನ ಪ್ರಸ್ತಾಪ ಪೆಡಲಿನ ಬದಲು ಎರಡೂ ಕೈಯಿಂದ ಒಟ್ಟಿಗೆ ಒತ್ತುವ ಬಟನ್. ಎರಡೂ ಕೈ ಬಟನ್ ಮೇಲಿದ್ದರೆ ಡೈಯೊಳಗೆ ಹೇಗೆ ಹೋದಾವು ಎಂಬ ವಾದ. ಇದನ್ನೂ ಲೆಕ್ಕ ಹಾಕದೆ ಒಪ್ಪಬಾರದು. ಬಟನ್ ಬಿಟ್ಟ ಕೈ ಡೈಗೆ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಧಾವಿಸಬಹುದೆಂದು ಹಿಡಿಯುತ್ತಾರೆ. 50 ಟನ್ನಿನ ಆ ಪ್ರೆಸ್ ನಿಮಿಷಕ್ಕೆ 60 ಹೊಡೆತದ್ದು, ಸುತ್ತಿಗೆ ಒಂದು ಸೆಕೆಂಡು. ಕೀಲಿ ಸುತ್ತಿನ ಒಂದೇ ಜಾಗದಲ್ಲಿ ಕೂರುವುದರಿಂದ, ಬಟನ್ ಒತ್ತಿದ ಕ್ಷಣಕ್ಕೆ ಆ ಜಾಗ ಈಗಷ್ಟೇ ದಾಟಿಹೋಗಿದ್ದರೆ ಅದು ಮತ್ತೆ ಬರಲು ಪೂರ್ತಿ ಒಂದು ಸೆಕೆಂಡು, ಅಲ್ಲಿಂದ ರ‍್ಯಾಮ್ ಕೆಳಗೆ ಬರಲು ಅರ್ಧ ಸೆಕೆಂಡು. ಒಟ್ಟು 1.5 ಸೆಕೆಂಡು. 1.6ರಿಂದ ಗುಣಿಸಿದರೆ 2.4 ಮೀಟರ್. ಬಟನ್ ಡೈಯಿಂದ ಅಷ್ಟು ದೂರವಿದ್ದರೆ ಮಾತ್ರ ಕಾಪಾಡುತ್ತದೆ. ಹಾಕಲು ಹೊರಟಿದ್ದು 30 ಸೆಂ.ಮೀ. ದೂರದಲ್ಲಿ! ಪ್ರಸ್ತಾಪ ಅಲ್ಲಿಗೇ ಬಿತ್ತು.

ಏರ್ ಕ್ಲಚ್ಚಿನ ಮೂರು ಪ್ರೆಸ್‌ಗಳಲ್ಲಿ ಕಥೆ ಬೇರೆ. ವ್ಯರ್ಥವಾಗಿದ್ದ ಲೈಟ್ ಕರ್ಟನ್‌ಗಳನ್ನು ಅಲ್ಲಿಗೆ ಸಾಗಿಸಿ, ಮೂರನೆಯದಕ್ಕೆ ಹೊಸದು ತಂದರು. ಬೆರಳನ್ನೂ ಗುರುತಿಸುವ 14 ಮಿ.ಮೀ. ಸೂಕ್ಷ್ಮತೆಯ ತೆರೆ ಅದು. ನಿಲ್ಲುವ ಹೊತ್ತು ಅಳೆದಾಗ ಪ್ರೆಸ್ಸಿಗೆ 0.22 ಸೆಕೆಂಡು, ತೆರೆ ಮತ್ತು ರಿಲೇಗೆ 0.03. ಹತ್ತಿರದ ದೂರಕ್ಕೆ ಕೈಯ ವೇಗವನ್ನು ಸೆಕೆಂಡಿಗೆ 2 ಮೀಟರ್ ಹಿಡಿಯಬೇಕು, ಹಾಗಾಗಿ ತೆರೆ ಡೈಯಿಂದ ಕನಿಷ್ಠ 500 ಮಿ.ಮೀ. ದೂರ ಇರಬೇಕು. ಫಿಟ್ಟರ್ ಮೊದಲು 200ಕ್ಕೆ ಕೂರಿಸಿದ್ದ. ಸರಿಸಿದ ಮೇಲೆ ಪಕ್ಕದಿಂದ ಕೈ ತೂರಲು ದಾರಿಯಾಯಿತು, ಅಲ್ಲಿಗೆ ಜಾಲರಿ ಬಂತು. ಬ್ರೇಕ್ ಲೈನಿಂಗ್ ಸವೆದಂತೆ ನಿಲ್ಲುವ ಹೊತ್ತು ಬೆಳೆಯುತ್ತದೆ, ಆದ್ದರಿಂದ ಆರು ತಿಂಗಳಿಗೊಮ್ಮೆ ಮತ್ತೆ ಅಳೆಯುತ್ತಾರೆ. ಹಳೆಯ ಅಳತೆ ನಂಬಿ ಕೂತರೆ ತೆರೆ ಇದ್ದೂ ಇಲ್ಲದ ಹಾಗೆ.

ಚಹಾದಂಗಡಿಯಲ್ಲಿ ಸಿಕ್ಕ ಕಾರಣ

ಪಿನ್ ಕ್ಲಚ್ಚಿನ 19 ಪ್ರೆಸ್‌ಗಳಿಗೆ ದಾರಿ ಹುಡುಕುವ ಮೊದಲು, ಆ ದಿನ ರ‍್ಯಾಮ್ ಎರಡನೇ ಸಲ ಏಕೆ ಇಳಿಯಿತು ಎಂದು ತಿಳಿಯಬೇಕಿತ್ತು. ಸೂಪರ್‌ವೈಸರ್ ಶಾಪಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಿಂದಿಯಲ್ಲಿ ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಅಫಜಲಪುರ ಕಡೆಯ ಹಿರಿಯ ಡೈ ಸೆಟ್ಟರ್ (ಪ್ರೆಸ್ಸಿಗೆ ಡೈ ಕೂರಿಸುವವರು) ಒಬ್ಬರಿಗೆ ಈ ಹೊಣೆ ಕೊಟ್ಟರು. ಹುಡುಗರು ‘ಕಾಕಾ’ ಎಂದು ಕರೆಯುವ ಅವರು ಪಾಳಿ ಮುಗಿದ ಮೇಲೆ ಗೇಟಿನಾಚೆ ಚಹಾದಂಗಡಿಯಲ್ಲಿ ಅವರವರ ಮಾತಿನಲ್ಲೇ ಕೇಳಿದರು. ಮೊದಲ ಸಂಜೆಯೇ ಉತ್ತರ ಬಂತು:

“ಎಂಟ್ ದಿನ ಆಗಿತ್ರಿ ಕಾಕಾ, ಆ ಮಶಿನ್ ಎರಡೇಟು ಹೊಡಿಲಕತ್ತಿತ್ತು. ಹೇಳಿದ್ರ ಮಶಿನ್ ಬಂದ್ ಮಾಡ್ತಾರ. ಬಂದ್ ಆದ್ರ ನಮ್ ರೊಕ್ಕ ಹೋಗ್ತದ.”

ಪ್ರೆಸ್ ಬಿಚ್ಚಿ ನೋಡಿದಾಗ ಮೂರು ದೋಷಗಳಿದ್ದವು. ಕ್ರ್ಯಾಂಕಿನ ಬೇರಿಂಗಿನಿಂದ ಸೋರಿದ ಎಣ್ಣೆ ಬ್ರೇಕ್ ಬೆಲ್ಟಿಗೆ ಇಳಿದು ಹಿಡಿತ ಹೋಗಿತ್ತು, ರ‍್ಯಾಮ್ ಮೇಲೆ ಬಂದು ಗುರುತಿಗೆ ನಿಲ್ಲದೆ ಮುಂದಕ್ಕೆ ಜಾರುತ್ತಿತ್ತು. ಕೀಲಿಯನ್ನು ಬಿಡಿಸುವ ಕೊಕ್ಕೆಯ ಅಂಚು ದುಂಡಗೆ ಸವೆದಿತ್ತು. ಪೆಡಲನ್ನು ಮೇಲೆತ್ತುವ ಸ್ಪ್ರಿಂಗು ಸಡಿಲವಾಗಿತ್ತು. ಒಂದೊಂದನ್ನೇ ನೋಡಿದರೆ ದೊಡ್ಡ ಕೆಲಸವಲ್ಲ, ಮೂರೂ ಸೇರಿ ಒಬ್ಬನ ಬೆರಳು ತೆಗೆದವು. ಜೊತೆಗೆ ತುಂಡು ಮೇಲಿನ ಪಂಚಿಗೆ ಅಂಟಿದ್ದು. ಪಂಚಿನೊಳಗೆ ತುಂಡನ್ನು ಕೆಳಕ್ಕೆ ತಳ್ಳುವ, ಸ್ಪ್ರಿಂಗಿನ 3 ಮಿ.ಮೀ. ಶೆಡ್ಡರ್ ಪಿನ್ ಎರಡು ಇದ್ದಿದ್ದರೆ ತುಂಡು ತಾನೇ ಕೆಳಗೆ ಬೀಳುತ್ತಿತ್ತು, ಕೈ ಒಳಗೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ. ‘ನಿರ್ಲಕ್ಷ್ಯ’ ಎಂದು ಬರೆದಿದ್ದ ಕಾಗದವನ್ನು ಈ ವಿವರಗಳೊಡನೆ ತಿದ್ದಿ ಬರೆದರು. ಗಾಯಗೊಂಡ ಹುಡುಗನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಇಲ್ಲಿ ಎರಡು ನಿರ್ಧಾರಗಳಾದವು. ಅಪಘಾತವಿಲ್ಲದ ತಿಂಗಳ ಬಹುಮಾನ ರದ್ದು. ಮತ್ತು ಪ್ರತಿ ಪ್ರೆಸ್ಸಿಗೂ ಕೆಂಪು ಟ್ಯಾಗು ತೂಗುಹಾಕಿ, ಅದರ ಪಕ್ಕ ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆಸಿದರು: ‘ಎರಡೇಟು ಬಿದ್ದರೆ ಟ್ಯಾಗು ಹಾಕಿ ನಿಲ್ಲಿಸಿ. ನಿಂತ ಹೊತ್ತಿನ ಕೂಲಿ, ಇನ್ಸೆಂಟಿವ್ ಕಡಿತವಿಲ್ಲ.’ ಗುತ್ತಿಗೆದಾರನ ಕಡೆಯವರಿಗೂ ಇದೇ ಎಂದು ಗುತ್ತಿಗೆ ಪತ್ರದಲ್ಲಿ ಸೇರಿಸಿದರು. ಮೊದಲ ಎರಡು ತಿಂಗಳಲ್ಲಿ 31 ದೂರು ಬಂದವು, ಅವುಗಳಲ್ಲಿ 9 ಎರಡೇಟಿನವು. ಹಿಂದಿನ ಎರಡು ವರ್ಷಗಳಲ್ಲಿ ಒಂದೂ ಇರಲಿಲ್ಲ. ಮಾಲೀಕರು ಗಾಬರಿಯಾದರು, ಶಾಪ್ ಕೆಟ್ಟಿತೇನೋ ಎಂದುಕೊಂಡರು. ಬಂದದ್ದು ಹೊಸ ಅಪಾಯವಲ್ಲ, ಇದ್ದ ಅಪಾಯ ಕಣ್ಣಿಗೆ ಬಿದ್ದದ್ದು ಎಂದು ಒಪ್ಪಿಸಲು ಎರಡು ಸಭೆಗಳು ಬೇಕಾದವು.

ಪಾಳಿ ಶುರುವಿನ ಪರೀಕ್ಷೆ ಇಷ್ಟೇ: ಡೈಯಲ್ಲಿ ತುಂಡಿಲ್ಲದೆ ಪೆಡಲ್ ಒತ್ತಿ ಹಿಡಿಯುವುದು. ಹಿಡಿದೇ ಇದ್ದರೂ ರ‍್ಯಾಮ್ ಒಂದೇ ಸಲ ಇಳಿದು ಮೇಲೆ ನಿಲ್ಲಬೇಕು. ಹತ್ತು ಸಲ ಮಾಡಬೇಕು. ಕ್ರ್ಯಾಂಕಿನ ತುದಿಯಲ್ಲಿ ಹಳದಿ ಬಣ್ಣದ ಗುರುತಿದೆ, ಅದನ್ನು ದಾಟಿ ನಿಂತರೆ ಬ್ರೇಕ್ ಸಡಿಲ. ಎರಡು ನಿಮಿಷದ ಕೆಲಸ.

140 ಡೈಗಳ ಪಟ್ಟಿ

ಪಿನ್ ಕ್ಲಚ್ಚಿನ ಪ್ರೆಸ್ಸಿಗೆ ಉಳಿದ ದಾರಿ ಒಂದೇ, ಕೈ ಡೈಯೊಳಗೆ ಹೋಗುವ ಕೆಲಸವನ್ನೇ ಇಲ್ಲವಾಗಿಸುವುದು. ಅದು ಪ್ರೆಸ್ಸಿನ ಪ್ರಶ್ನೆಯಲ್ಲ, ಡೈಯ ಪ್ರಶ್ನೆ. ಬಳಕೆಯಲ್ಲಿದ್ದ 140 ಡೈಗಳನ್ನು ಒಂದೊಂದಾಗಿ ಕೆಳಗಿಳಿಸಿ, ಇಲ್ಲಿ ಕೈ ಏಕೆ ಒಳಗೆ ಹೋಗುತ್ತದೆ ಎಂದು ಕೇಳಿದರು.

ಪಟ್ಟಿ ತಗಡನ್ನು ತೂರಿಸಿ ಕತ್ತರಿಸುವ 61 ಡೈಗಳು ಸುಲಭದವು. ಸುತ್ತಲೂ ಕೈ ತಡೆಯುವ ಗಾರ್ಡು, ತಗಡು ಹೋಗಲು 6 ಮಿ.ಮೀ. ಸೀಳು, ಆ ಸೀಳು ಡೈಯಿಂದ 20 ಮಿ.ಮೀ. ಆಚೆ. ಗಾರ್ಡನ್ನು ಪ್ರೆಸ್ಸಿಗೆ ಕೂರಿಸದೆ ಡೈಗೇ ಬೋಲ್ಟ್ ಮಾಡಿದ್ದು ಜಾಣತನದ ಕೆಲಸ. ಡೈ ಯಾವ ಪ್ರೆಸ್ಸಿಗೆ ಹೋದರೂ ಗಾರ್ಡು ಜೊತೆಗೇ ಹೋಗುತ್ತದೆ, ಹಾಕಲು ಮರೆತೆ ಎನ್ನುವ ಮಾತಿಲ್ಲ. ಮೊದಲ ಗಾರ್ಡುಗಳನ್ನು 25 ಮಿ.ಮೀ. ಚೌಕದ ಜಾಲರಿಯಲ್ಲಿ ಮಾಡಿ ಡೈಯಿಂದ 60 ಮಿ.ಮೀ. ದೂರ ಇಟ್ಟಿದ್ದರು. ಅಷ್ಟು ದೊಡ್ಡ ಕಣ್ಣಿನ ಜಾಲರಿ 120 ಮಿ.ಮೀ. ದೂರವಿರಬೇಕು, ಇಲ್ಲವಾದರೆ ಬೆರಳು ತೂರಿ ತಲುಪುತ್ತದೆ. ಎಲ್ಲವನ್ನೂ ಬಿಚ್ಚಿ 5 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆಯಲ್ಲಿ ಮತ್ತೆ ಮಾಡಿದರು. ಆಪರೇಟರಿಗೆ ಒಳಗೆ ಕಾಣಬೇಕು. ಕಾಣದ ಗಾರ್ಡನ್ನು ಅವನು ಬಿಚ್ಚಿಯೇ ತೀರುತ್ತಾನೆ, ಅದರಲ್ಲಿ ಅವನ ತಪ್ಪಿಲ್ಲ. ಈ ಹಾಳೆಯನ್ನು ಥಿನ್ನರಿನಿಂದ ಒರೆಸಿದರೆ ಮಂಜಾಗಿ ಬಿರುಕು ಬಿಡುತ್ತದೆ, ಸೋಪಿನ ನೀರೇ ಸರಿ.

ಕಷ್ಟದವು ತುಂಡನ್ನು ಒಂದೊಂದಾಗಿ ಇಡುವ 58 ಡೈಗಳು. ಇವುಗಳಿಗೆ ಡ್ರಾಯರಿನಂತೆ ಹೊರಗೆ ಎಳೆಯುವ ಸ್ಲೈಡು ಮಾಡಿದರು. ತುಂಡನ್ನು ಹೊರಗೆ ಗೂಡಿನಲ್ಲಿಟ್ಟು ಒಳಗೆ ತಳ್ಳಿದರೆ, ಸ್ಲೈಡು ಪೂರ್ತಿ ಒಳಗೆ ಕೂತಾಗ ಮಾತ್ರ ಪೆಡಲಿನ ಕೊಂಡಿ ಬಿಡುತ್ತದೆ. ತುಂಡು ಹೊರಬರಲು ಗಾಳಿಯ ಜೆಟ್ ಮತ್ತು ಇಳಿಜಾರು. ಮೇಲಿನ ಪಂಚಿಗೆಲ್ಲ ಶೆಡ್ಡರ್ ಪಿನ್. ಉಳಿದ 21 ಡೈಗಳಿಗೆ ಅಯಸ್ಕಾಂತದ ಹಿಡಿಕೆ, ಉದ್ದ ಚಿಮ್ಮಟ. ಚಿಮ್ಮಟ ಅಲ್ಯೂಮಿನಿಯಮ್ಮಿನದೇ ಇರಬೇಕು, ಒಳಗೆ ಸಿಕ್ಕರೆ ಅದು ಹೋಗಲಿ, ಉಕ್ಕಿನದಾದರೆ ಡೈ ಒಡೆಯುತ್ತದೆ. ಆಮೇಲೆ ಡೈ ಉಳಿಸಲು ಚಿಮ್ಮಟ ಬಿಟ್ಟು ಕೈ ಹಾಕುತ್ತಾರೆ.

ಪೆಡಲಿಗೆ ಮೇಲಿಂದಲೂ ಬದಿಯಿಂದಲೂ ಗೂಡು ಬಂತು, ಬಿದ್ದ ತುಂಡು ತಗುಲಿ ಪ್ರೆಸ್ ಹೊಡೆಯಬಾರದೆಂದು. ಸದ್ದು 90 ಡೆಸಿಬಲ್ ಮೀರಿದ್ದರಿಂದ ಇಯರ್‌ಮಫ್ ಕೊಟ್ಟರು.

ತಿರುವು: ಇನ್ಸೆಂಟಿವ್

ಸ್ಲೈಡು ಬಂದ ಮೊದಲ ಎರಡು ವಾರ ತಾಸಿಗೆ 620 ತುಂಡು ಹೋಗಿ 480ಕ್ಕೆ ಬಂತು. ಟಾರ್ಗೆಟ್ ಮಾತ್ರ ಹಳೆಯದೇ. ಮೂರನೇ ವಾರದ ರಾತ್ರಿ ಪಾಳಿಯಲ್ಲಿ ನಾಲ್ಕು ಸ್ಲೈಡುಗಳು ಬಿಚ್ಚಿ ಮೂಲೆಯಲ್ಲಿ ಬಿದ್ದಿದ್ದವು. ಶಿಕ್ಷೆ ಕೊಡಬೇಕೆಂಬ ಮಾತು ಬಂತು. ತಿಂಗಳ ಕೊನೆಗೆ ಊರಿಗೆ ಕಳಿಸುವ ರೊಕ್ಕಕ್ಕೇ ಕತ್ತರಿ ಬೀಳುತ್ತಿರುವಾಗ ಯಾರಾದರೂ ಅದನ್ನೇ ಮಾಡಿಯಾರು. ಶಿಕ್ಷೆಯ ಬದಲು ಆರು ವಾರ ಪ್ರತಿಯೊಬ್ಬರಿಗೂ ಅವರವರ ಹಿಂದಿನ ಮೂರು ತಿಂಗಳ ಸರಾಸರಿ ಇನ್ಸೆಂಟಿವ್ ಕೊಟ್ಟು, ಹೊಸ ವಿಧಾನದಲ್ಲಿ ಕೆಲಸದ ಸಮಯ ಅಳೆದು ಟಾರ್ಗೆಟ್ ಮರುನಿಗದಿ ಮಾಡಿದರು. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಕರಣವನ್ನು ಉಳಿಸಿದ್ದು ಯಾವ ಗಾರ್ಡೂ ಅಲ್ಲ, ಈ ಆರು ವಾರಗಳು. ಕೈ ಕುದುರಿದ ಮೇಲೆ, ಇಳಿಜಾರಿನ ಕೋನ ಸರಿಪಡಿಸಿದ ಮೇಲೆ, ಲೆಕ್ಕ 590ಕ್ಕೆ ಬಂದು ನಿಂತಿತು.

ಡೈ ಬದಲಿಸುವ ವಿಧಾನವೂ ಬದಲಾಯಿತು. ಮೋಟಾರು ಬಂದ್ ಮಾಡಿ ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಇಲ್ಲಿನ ಪ್ರೆಸ್‌ಗಳಿಗೆ ಅದಕ್ಕೆ ಮೂರರಿಂದ ನಾಲ್ಕು ನಿಮಿಷ. ಆ ನಿಮಿಷಗಳಲ್ಲೇ ಅವಸರ ಮಾಡುತ್ತಿದ್ದರು. ಮೇನ್ ಸ್ವಿಚ್ಚಿಗೆ ಸೆಟ್ಟರ್ ತನ್ನದೇ ಬೀಗ ಹಾಕಿ ಕೀಲಿ ಜೇಬಿನಲ್ಲಿಡಬೇಕು, ಇಬ್ಬರಿದ್ದರೆ ಎರಡು ಬೀಗ. ರ‍್ಯಾಮ್ ಕೆಳಗೆ ಆಧಾರದ ಬ್ಲಾಕು. ಕ್ರ್ಯಾಂಕನ್ನು ಕೈಯಿಂದ ತಿರುಗಿಸುವ ಸರಳಿಗೆ ಸ್ಪ್ರಿಂಗು ಹಾಕಿಸಿದರು, ಕೈ ಬಿಟ್ಟ ಕೂಡಲೇ ಅದು ರಂಧ್ರದಿಂದ ತಾನೇ ಹೊರಬರುತ್ತದೆ. ಮರೆತು ಬಿಟ್ಟ ಸರಳು ಮೋಟಾರು ಚಾಲೂ ಆದಾಗ ತಲೆಗೆ ಬಡಿಯುವ ಸಾಧನವಾಗುತ್ತದೆ.

ಆದದ್ದು

18 ತಿಂಗಳಲ್ಲಿ ಪ್ರೆಸ್ಸಿನಲ್ಲಿ ಒಂದು ಬೆರಳೂ ಹೋಗಲಿಲ್ಲ. ತಗಡಿನ ಅಂಚು ತಗುಲಿ ಒಬ್ಬರಿಗೆ ಆರು ಹೊಲಿಗೆ ಬಿದ್ದವು. ಒಮ್ಮೆ ಮಾತ್ರ ದೊಡ್ಡ ಚ್ಯುತಿ. ಗಿರಾಕಿಯ ಅವಸರದ ಆರ್ಡರಿಗೆ ಪ್ಲ್ಯಾನಿಂಗ್‌ನವರು ಒತ್ತಾಯಿಸಿ, ಗಾರ್ಡು ಇನ್ನೂ ಆಗಿರದ ಹೊಸ ಡೈಯನ್ನು ರಾತ್ರಿ ಹತ್ತಿಸಿದರು. ಆಪರೇಟರೊಬ್ಬನು ಕೆಂಪು ಟ್ಯಾಗು ಹಾಕಿ ನಿಲ್ಲಿಸಿದ. ಬೆಳಿಗ್ಗೆ ಮಾಲೀಕರು ಅವನ ಪರ ನಿಂತರು, ಗಿರಾಕಿಗೆ ಮಾಲು ಒಂದು ದಿನ ತಡವಾಯಿತು. ಅಂದಿನಿಂದ ಡೈ ಮಾಡಿಸುವ ಆರ್ಡರಿನಲ್ಲೇ ಗಾರ್ಡು, ಶೆಡ್ಡರ್ ಪಿನ್ ಸೇರಿಸಿ ಬರೆಯುತ್ತಾರೆ. ಅವಿಲ್ಲದೆ ಬಂದ ಡೈಯನ್ನು ಸ್ಟೋರ್ ಒಳಗೆ ತೆಗೆದುಕೊಳ್ಳುವುದಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಒಂದು ಗಾರ್ಡಿಗೆ 2,500ರಿಂದ 4,000 ರೂಪಾಯಿ, ಸ್ಲೈಡಿಗೆ 12,000ದಿಂದ 18,000 ಬಿತ್ತು. ಒಮ್ಮೆಗೇ ಅಲ್ಲ, 14 ತಿಂಗಳಲ್ಲಿ, ಹೆಚ್ಚು ಓಡುವ ಡೈಗಳಿಂದ ಆರಂಭಿಸಿ.

ಗಾಯಗೊಂಡ ಹುಡುಗನಿಗೆ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ, ಇತ್ತು. ಆದರೆ ತನಗೊಂದು ಇಎಸ್ಐ ನಂಬರು ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಕೆಲಸಕ್ಕೆ ಬರಲಾಗದ ದಿನಗಳಿಗೆ ಕೂಲಿಯ 90 ಶೇಕಡಾ ಸಿಗುತ್ತದೆ. ಕಾಯಂ ಊನಕ್ಕೆ ಕಾಯ್ದೆಯ ಪಟ್ಟಿಯ ಪ್ರಕಾರ ತೋರುಬೆರಳಿನ ಒಂದು ಗಿಣ್ಣಿಗೆ ಗಳಿಕೆ ಶಕ್ತಿಯಲ್ಲಿ 9 ಶೇಕಡಾ ನಷ್ಟ, ಮೂಳೆ ಹೋಗದೆ ತುದಿ ಮಾತ್ರ ಹೋದ ನಡುಬೆರಳಿಗೆ 4 ಶೇಕಡಾ. ಅಪಘಾತದ ವರದಿ ಸರಿಯಾಗಿ ಹೋಗದಿದ್ದರೆ ಇದನ್ನು ಪಡೆಯಲು ಅಲೆದಾಡಬೇಕಾಗುತ್ತದೆ. ಈಗ ಸೇರುವ ದಿನವೇ ಪ್ರತಿಯೊಬ್ಬರ ಕೈಗೆ ಇ-ಪೆಹಚಾನ್ ಪತ್ರ ಕೊಟ್ಟು, ಅದರ ಉಪಯೋಗವನ್ನು ಕನ್ನಡದಲ್ಲಿ ಕಾಕಾ ಹೇಳುತ್ತಾರೆ.

ಇದೇ ಹಾದಿ ಹಿಡಿಯುವ ಶಾಪಿನವರು ಮೊದಲು ತಮ್ಮ ಪ್ರೆಸ್‌ಗಳಲ್ಲಿ ಪಿನ್ ಕ್ಲಚ್ ಎಷ್ಟು, ಏರ್ ಕ್ಲಚ್ ಎಷ್ಟು ಎಂದು ಎಣಿಸಿಕೊಳ್ಳಲಿ, ಖರೀದಿ ಆಮೇಲೆ. ಯಾವ ಸಾಧನ ಹಾಕಿಸಿದರೂ ಮರದ ಕೋಲಿನಿಂದ ಪರೀಕ್ಷಿಸದೆ ಬಿಲ್ಲಿಗೆ ಸಹಿ ಹಾಕಬಾರದು. ಟಾರ್ಗೆಟ್ಟಿನ ಮಾತನ್ನು ಗಾರ್ಡು ಹಾಕುವ ಮೊದಲೇ ಆಡಿ ಮುಗಿಸಬೇಕು, ಇಲ್ಲಿ ಹಾಕಿದ ಮೇಲೆ ಆಡಿದರು, ಅದರಿಂದ ನಾಲ್ಕು ಸ್ಲೈಡು ಮೂಲೆಗೆ ಬಿದ್ದವು.

ಇನ್ನೂ ಪೂರ್ತಿ ಪರಿಹಾರ ಸಿಗದ ಆರು ಡೈಗಳಿವೆ. ಉದ್ದನೆಯ ತುಂಡನ್ನು ಒತ್ತುವಾಗ ಇನ್ನೊಂದು ತುದಿ ಮೇಲಕ್ಕೆ ಚಿಮ್ಮುತ್ತದೆ, ಹಿಡಿಯದಿದ್ದರೆ ಮುಖಕ್ಕೆ ಬಡಿಯುತ್ತದೆ, ಹಿಡಿದರೆ ಕೈ ಡೈಯ ಸಮೀಪ ಬರುತ್ತದೆ. ಅವುಗಳನ್ನು ಪಿನ್ ಕ್ಲಚ್ ಪ್ರೆಸ್ಸಿಗೆ ಹತ್ತಿಸುವುದನ್ನು ನಿಲ್ಲಿಸಿದ್ದಾರೆ. ಏರ್ ಕ್ಲಚ್ಚಿನ ಮೂರು ಪ್ರೆಸ್‌ಗಳಲ್ಲೇ, ತೆರೆಯ ಹಿಂದೆ, ಮುಂದೆ ಆಧಾರದ ರೋಲರ್ ಕೂರಿಸಿ ಓಡಿಸುತ್ತಾರೆ. ಆ ಮೂರು ಪ್ರೆಸ್‌ಗಳಿಗೆ ಸಾಲು ನಿಲ್ಲಬೇಕಾಗಿರುವುದರಿಂದ ಆ ತುಂಡುಗಳು ಗಿರಾಕಿಗೆ ನಿಧಾನಕ್ಕೇ ಹೋಗುತ್ತವೆ.